ಅತ್ತೆಯ ಪಿತ್ತಕೋಶ ಮತ್ತು ಆಟಿಯ ಪಾಯಸ

ನಮ್ಮತ್ತೆಗೆ ಕಾಯಿಲೆ ಬೀಳುವ ಅಭ್ಯಾಸವಿರಲಿಲ್ಲ. ಕಾಯಿಲೆ ಬೀಳುವುದು ಬೇರೆಯವರ ಕೆಲಸ, ಮದ್ದು ಹೇಳುವುದು ಅವರ ಕೆಲಸ. ನೆಗಡಿಗೆ ಬ್ರಾಂದಿ, ಕೆಮ್ಮಿಗೆ ಕರಿಮೆಣಸು ಹಾಕಿದ ಬ್ರಾಂದಿ, ಹೊಟ್ಟೆನೋವಿಗೆ ಉಪ್ಪು ಹಾಕಿದ ಬ್ರಾಂದಿ. ಮೊದಲ ಸಲ ನನಗೆ ತಲೆನೋವು ಬಂದಾಗ ಹಣೆಗೆ ಹಚ್ಚಲು ಕೊಟ್ಟದ್ದೂ ಅದನ್ನೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಆ ಮನೆಗೆ ಸೊಸೆಯಾಗಿ ಹೋದೆ. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ರಾಗಿ ಬೆಳೆಯುವವರು, ಮುದ್ದೆ ತಿನ್ನುವವರು. ಗಂಡನ ಮನೆಯವರು ಭಾಗಮಂಡಲದ ಕಡೆಯ ಅರೆಭಾಷೆ ಗೌಡರು. ಅಲ್ಲಿ ಮುದ್ದೆ ಎಂದರೆ ನಗುತ್ತಿದ್ದರು. ಮಾತೂ ಬೇರೆ, ಊಟವೂ ಬೇರೆ, ಮಳೆಯಂತೂ ಬೇರೆಯೇ. ಅತ್ತೆ ನನ್ನನ್ನು ಬಂದವರಿಗೆಲ್ಲ ಪರಿಚಯಿಸುತ್ತಿದ್ದದ್ದು ಹೀಗೆ: “ಇದ್ ನಮ್ಮ ಸೊಸೆ. ಬಿಸಿಲ್ ಸೀಮೆ ಗೂಡೆ. ಎಂತದೂ ಗೊತ್ತಿಲೆ.” ಗೂಡೆ ಎಂದರೆ ಹುಡುಗಿ. ಹೆಸರು ಹಿಡಿದು ಅವರು ನನ್ನನ್ನು ಕರೆದದ್ದು ನೆನಪಿಲ್ಲ. ನನಗೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಎದುರಿಗೆ ಆಡಲಾಗದ್ದನ್ನು ಪಾತ್ರೆಗಳ ಜೊತೆ ಆಡುತ್ತಿದ್ದೆ. ನಮ್ಮ ಮನೆಯ ಪಾತ್ರೆಗಳು ಆ ವರ್ಷ ಬಹಳ ಏಟು ತಿಂದವು.

ಮಳೆ ಹಿಡಿಯುವುದಕ್ಕೆ ಮೊದಲಿನ ಕೊನೆಯ ಮದುವೆ ಅದು, ಅತ್ತೆಯ ತವರಿನ ಕಡೆಯದು. ಕಡುಬು, ಹಂದಿ ಕರಿ. ಅತ್ತೆಗೆ ಹಂದಿಯಲ್ಲಿ ಮಾಂಸಕ್ಕಿಂತ ಕೊಬ್ಬಿನ ಮೇಲೆ ಪ್ರೀತಿ. ಬಡಿಸುವವರು ಅದನ್ನು ತಿಳಿದು ಆರಿಸಿ ಹಾಕಿದರು. ಸಂಜೆ ಮನೆಗೆ ಬಂದ ಅತ್ತೆ ಬಲಪಕ್ಕೆ ಹಿಡಿದುಕೊಂಡು ಕುಳಿತರು. ನೋವು ಬೆನ್ನಿಗೆ ಹೋಯಿತು, ಭುಜಕ್ಕೆ ಹೋಯಿತು, ವಾಂತಿಯಾಯಿತು.

“ಎಂತದೂ ಇಲ್ಲೆ. ಗ್ಯಾಸ್,” ಎಂದರು ಅತ್ತೆ. ಬ್ರಾಂದಿ ಕುಡಿದರು. ನೋವು ಹೆಚ್ಚಾಯಿತು. ಉಪ್ಪು ಸಾಲಲಿಲ್ಲ ಎಂದು ಉಪ್ಪು ಹಾಕಿ ಕುಡಿದರು. ಆಮೇಲೆ ಮದುವೆಮನೆಯಲ್ಲಿ ಯಾರದೋ ಕಣ್ಣು ಬಿದ್ದಿದೆ ಎಂದಾಯಿತು. ಕೊನೆಗೆ, ಬಿಸಿಲ್ ಸೀಮೆ ಗೂಡೆ ಹಿಂದಿನ ದಿನ ಮಾಡಿದ ಹುರುಳಿ ಸಾರೇ ಇದಕ್ಕೆಲ್ಲ ಕಾರಣ ಎಂದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೀಗೇ ದಿನಗಳು ಹೋಗಿ ಚಳಿಜ್ವರ ಏರಿ, ಅತ್ತೆ ಬೈಯುವುದನ್ನೇ ನಿಲ್ಲಿಸಿಬಿಟ್ಟರು. ಆಗ ಮಾವ ಹೆದರಿದರು. ಹೆಂಡತಿಯ ಬೈಗುಳವಿಲ್ಲದ ಬೆಳಗನ್ನು ಅವರು ಅದುವರೆಗೆ ಕಂಡಿರಲಿಲ್ಲ. ಪಕ್ಕದ ಎಸ್ಟೇಟಿನ ಜೀಪು ಕೇಳಿ ತಂದು ಮಡಿಕೇರಿಗೆ ಹೊರಟೆವು.

ಮಡಿಕೇರಿಯಲ್ಲಿ ಮೈಸೂರಿನಿಂದ ಹೊಸದಾಗಿ ಬಂದ ಡಾಕ್ಟರೊಬ್ಬರು ನಾಲ್ಕಾರು ಮಂಚ ಹಾಕಿ ಸಣ್ಣ ಆಸ್ಪತ್ರೆ ಇಟ್ಟಿದ್ದರು. ತೆಳ್ಳಗಿನ ಮನುಷ್ಯ, ಮೆಲ್ಲಗೆ ಮಾತು, ಕೊಡಗಿನ ಚಳಿಗೆ ಯಾವಾಗಲೂ ಕುತ್ತಿಗೆಗೆ ಮಫ್ಲರು. ಅತ್ತೆಯ ಪಕ್ಕೆಯ ಮೇಲೆ ಬೆರಳು ಒತ್ತಿ “ಉಸಿರು ಎಳ್ಕೊಳಿ ತಾಯಿ” ಎಂದರು. ಅತ್ತೆ ಎಳೆದುಕೊಂಡ ಉಸಿರನ್ನು ಅರ್ಧಕ್ಕೇ ನಿಲ್ಲಿಸಿ, ಡಾಕ್ಟರ ಕೈಗೆ ಹೊಡೆದರು. ಡಾಕ್ಟರು ಬೇಸರಪಡಲಿಲ್ಲ. ಹೊಡೆದದ್ದೇ ರೋಗದ ಗುರುತು ಎನ್ನುವ ಹಾಗೆ ತಲೆಯಾಡಿಸಿದರು.

ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಆ ಚೀಲ ಊದಿ ಕೀವು ತುಂಬಿದೆ ಎಂದು ಅವರು ನಮಗೆ ಬಿಡಿಸಿ ಹೇಳಿದರು. ಇಡೀ ಚೀಲವನ್ನೇ ತೆಗೆಯಬೇಕು, ಆದರೆ ಈಗ ಆಗುವುದಿಲ್ಲ. ಈ ಜ್ವರದಲ್ಲಿ, ಈ ನಿಶ್ಶಕ್ತಿಯಲ್ಲಿ ದೊಡ್ಡ ಆಪರೇಷನ್ನಿಗೆ ಮಲಗಿಸಿದರೆ ಎದ್ದು ಬರುವ ಭರವಸೆ ಇಲ್ಲ. ಹಾಗಾಗಿ ಮೊದಲು ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣದಾಗಿ ಕೊಯ್ದು, ರಬ್ಬರ್ ನಳಿಗೆ ಇಟ್ಟು ಒಳಗಿರುವುದನ್ನು ಹೊರಗೆ ಹರಿಯಬಿಡುವುದು. ಒಂದೂವರೆ ತಿಂಗಳು ಕಳೆದು ಮೈ ಸುಧಾರಿಸಿದ ಮೇಲೆ ಚೀಲ ತೆಗೆಯುವುದು. ಮಾವನಿಗೆ ಇದು ಕೂಡಲೇ ಅರ್ಥವಾಯಿತು. “ಏರಿ ಒಡೆಯುವ ಮೊದ್ಲು ತೂಬು ತೆಗೆದ ಹಾಂಗೆ,” ಎಂದರು. ಡಾಕ್ಟರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಆಮೇಲೆ ಬಂದ ಎಲ್ಲ ರೋಗಿಗಳಿಗೂ ಅದನ್ನೇ ಹೇಳುತ್ತಿದ್ದರು.

ತೂಬು ತೆಗೆದರು. ಮೊದಲು ಬಂದದ್ದನ್ನು ವರ್ಣಿಸುವುದು ಬೇಡ. ಎರಡು ದಿನಕ್ಕೆ ಜ್ವರ ಇಳಿಯಿತು. ಮೂರನೆಯ ದಿನ ಬೆಳಿಗ್ಗೆ ಅತ್ತೆ ಕಣ್ಣು ಬಿಟ್ಟು, ನಾನು ತಂದ ಗಂಜಿ ನೋಡಿ, “ಇದ್ ಗಂಜಿನಾ, ಪಾತ್ರೆ ತೊಳ್ದ ನೀರಾ?” ಎಂದರು. ಮಾವ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದರು.

ಅಷ್ಟರಲ್ಲಿ ಮಳೆ ಹಿಡಿದು ಭಾಗಮಂಡಲದಲ್ಲಿ ಹೊಳೆ ರಸ್ತೆಗೆ ಬಂತು. ಊರಿಗೆ ಹೋಗಿ ಏನಾದರೂ ಆದರೆ ವಾಪಸು ತರಲು ದಾರಿಯಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಗಂಡಸರಿಗೆ ನಾಟಿಯ ಕೆಲಸ, ನೀರು ಇಳಿದಾಗ ಬಂದು ಹೋಗಿ ಮಾಡುವರು. ಉಳಿದದ್ದು ನಾನು, ಅತ್ತೆ, ಮತ್ತು ಬಾಟಲಿ.

ಬಾಟಲಿಯ ವಿಷಯ ಹೇಳಲೇಬೇಕು. ಅದು ಗ್ಲೂಕೋಸಿನ ಖಾಲಿ ಬಾಟಲಿ. ಅತ್ತೆಯ ಪಕ್ಕೆಯಿಂದ ಬಂದ ನಳಿಗೆ ಅದರ ಬಾಯೊಳಗೆ ಇಳಿದಿರುತ್ತಿತ್ತು. ದಿನಾ ಅದನ್ನು ಖಾಲಿ ಮಾಡಿ ಬಿಸಿನೀರಿನಲ್ಲಿ ತೊಳೆದಿಡುವುದು ನನ್ನ ಪಾಲಿನ ಕೆಲಸ. ಮೊದಮೊದಲು ಅತ್ತೆಗೆ ಅದರಿಂದ ಅವಮಾನ. ಆಮೇಲೆ ರೂಢಿ. ಆಮೇಲೆ, ನನ್ನ ಕಣ್ಣೆದುರಿಗೇ, ಹೆಮ್ಮೆ. ಹಳೆಯ ರವಿಕೆಯ ಹೊಲಿಗೆ ಬಿಚ್ಚಿ ಅದಕ್ಕೊಂದು ಚೀಲ ಹೊಲಿದರು. ಅದನ್ನು ಸೊಂಟಕ್ಕೆ ಕಟ್ಟಿ ಮೇಲೆ ಸೆರಗು ಹೊದ್ದು ಓಡಾಡಿದರು. ಊರಿನಿಂದ ನೋಡಲು ಬಂದ ಹೆಂಗಸರಿಗೆ ಚೀಲದ ಬಾಯಿ ಸರಿಸಿ ತೋರಿಸಿದರು. ಅವರು ಬಗ್ಗಿ ನೋಡಿ “ಅಯ್ಯೋ ದೇವ್ರೆ, ಎಷ್ಟ್ ಪಿತ್ತ!” ಎಂದು ಕೆನ್ನೆಗೆ ಕೈ ಇಟ್ಟರೆ ಅತ್ತೆಗೆ ಸಮಾಧಾನ.

ಇಷ್ಟು ಪಿತ್ತ ಹರಿದುಹೋದ ಮೇಲೆ ಕೋಪವೂ ಇಳಿದೀತು ಎಂದು ನೆಂಟರೆಲ್ಲ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ನಂಬಿದ್ದವರು ಮಾವ. ಊರಿನಿಂದ ಬಂದಾಗಲೆಲ್ಲ ಮೊದಲು ಬಾಟಲಿ ನೋಡುವರು, ಆಮೇಲೆ ಹೆಂಡತಿಯ ಮುಖ ನೋಡುವರು. ಬಾಟಲಿ ತುಂಬುತ್ತಿತ್ತು, ಬೈಗುಳ ತಗ್ಗಲಿಲ್ಲ. “ಒಳಗೆ ಇನ್ನೂ ದಾಸ್ತಾನು ಇರ್ಬೇಕ್,” ಎಂದು ಒಂದು ದಿನ ನನ್ನ ಕಿವಿಯಲ್ಲಿ ಹೇಳಿ, ಕೊಡೆ ಬಿಡಿಸಿಕೊಂಡು ಬಸ್ಸಿಗೆ ಹೊರಟರು.

ಶುಕ್ರವಾರದ ಸಂತೆಗೆ ಅತ್ತೆ ನನ್ನನ್ನು ಒಬ್ಬಳನ್ನೇ ಕಳಿಸುತ್ತಿರಲಿಲ್ಲ, ನನಗೆ ಬದನೆಕಾಯಿ ಆರಿಸಲು ಬರುವುದಿಲ್ಲವಂತೆ. ಒಂದು ಶುಕ್ರವಾರ ಹೀಗೆಯೇ ಹೋಗಿ, ಅತ್ತೆ ಕುಕ್ಕೆಯೊಳಗಿನ ಬದನೆಕಾಯಿ ನೋಡಲು ಬಗ್ಗಿದಾಗ ಸೆರಗು ಸರಿದು, ಚೀಲ ಜಾರಿ, ಬಾಟಲಿಯ ಅರ್ಧ ಹೊರಗೆ ಬಂತು. ಹಳದಿಗೂ ಕಂದಿಗೂ ನಡುವಿನ ಬಣ್ಣ. ಪಕ್ಕದಲ್ಲಿದ್ದ ವ್ಯಾಪಾರಿಯೊಬ್ಬ ಕಣ್ಣರಳಿಸಿ, “ಅವ್ವ, ಒಳ್ಳೇ ಜೇನು! ಯಾವ ಕಾಡಿಂದು? ಎಷ್ಟಕ್ಕೆ ಕೊಡ್ತೀರಿ?” ಎಂದ.

ಅತ್ತೆ ನಿಧಾನವಾಗಿ ನೆಟ್ಟಗಾದರು. “ಇದ್ ನನ್ನ ಸ್ವಂತದ್. ಮಾರಿಕೆ ಇಲ್ಲೆ,” ಎಂದು ಹೇಳಿ ಸೆರಗು ಹೊದ್ದುಕೊಂಡರು. ನಗು ತಡೆಯಲಾರದೆ ನಾನು ಮೀನಿನ ಸಾಲಿನ ಕಡೆ ತಿರುಗಿ ನಿಂತೆ. ತಿರುಗಿ ನೋಡಿದರೆ ಅತ್ತೆಯೂ ನಗುತ್ತಿದ್ದರು. ನಾವಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೇ ಮೊದಲು.

ಪಥ್ಯದ ವಿಷಯದಲ್ಲಿ ಮಾತ್ರ ನಗುವಿರಲಿಲ್ಲ. ಹಂದಿ ಇಲ್ಲ, ತುಪ್ಪ ಇಲ್ಲ, ತೆಂಗಿನಕಾಯಿ ಇಲ್ಲ, ಮೊಟ್ಟೆ ಇಲ್ಲ. ಡಾಕ್ಟರು ಹೇಳಿ ಹೋದರು, ಪಾಲಿಸುವಂತೆ ನೋಡಿಕೊಳ್ಳುವ ಪೊಲೀಸಿನವಳು ನಾನು. “ಗಂಜಿ ಕುಡ್ಸಿ ಕೊಲ್ಲಿಕೆ ಆ ಸೀಮೆಂದ ಗೂಡೆ ತಂದದ್ದಾ?” ಎಂದು ದಿನಾ ಕೇಳುತ್ತಿದ್ದರು. ನಾನು ಸೌಟನ್ನು ಪಾತ್ರೆಗೆ ಬಡಿದು ಉತ್ತರ ಕೊಡುತ್ತಿದ್ದೆ.

ಒಂದೂವರೆ ತಿಂಗಳು ಮುಗಿಯುತ್ತ ಬಂತು. ಡಾಕ್ಟರು ಆಪರೇಷನ್ನಿನ ದಿನ ಗೊತ್ತುಮಾಡಿದರು. ಅತ್ತೆ ಒಲ್ಲೆ ಎಂದರು.

“ನೋವು ಹೋತ್, ಜ್ವರ ಹೋತ್. ಇನ್ನೆಂತಕೆ ಕೊಯ್ಯೊದು?” ಇದೊಂದೇ ಪ್ರಶ್ನೆ. ನಳಿಗೆ ಜೀವಮಾನವಿಡೀ ಇರುವಂಥದ್ದಲ್ಲ ಎಂದರು ಡಾಕ್ಟರು. “ಸೊಂಟಲಿ ಕತ್ತಿ ಕಟ್ಟಿಕಂಡ್ ಗದ್ದೆಗೆ ಹೋದವಳು ನಾ. ಬಾಟ್ಲಿ ಕಟ್ಟಿಕಂಡ್ ಹೋಕೆ ಆಲೆನಾ?” ಎಂದರು ಅತ್ತೆ. ಕಲ್ಲು ಒಳಗೇ ಇದೆ, ಇನ್ನೊಮ್ಮೆ ಕೀವಾಗಿ ಚೀಲ ಒಡೆದರೆ ಉಳಿಸಲು ತಮ್ಮ ಕೈಯಲ್ಲಿ ಆಗುವುದಿಲ್ಲ ಎಂದರು ಡಾಕ್ಟರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

ನನ್ನ ಗಂಡನನ್ನು ಕೇಳಿದರೆ “ನೀನೇ ಹೇಳ್” ಎಂದರು. ಮಾವನನ್ನು ಕೇಳಿದರೆ ಮಳೆ ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಒಂದೂವರೆ ತಿಂಗಳು ಆ ಹೆಂಗಸಿನ ಬೆನ್ನು ಉಜ್ಜಿ, ತಲೆ ಬಾಚಿ, ಬಾಟಲಿ ತೊಳೆದಿದ್ದೆ. ಬೈಸಿಕೊಂಡೂ ಬೈಸಿಕೊಂಡೂ ಅವರ ದನಿಯಿಲ್ಲದ ಮನೆಯನ್ನು ಊಹಿಸಲು ನನ್ನಿಂದಲೂ ಆಗುತ್ತಿರಲಿಲ್ಲ. ಅಂತೂ ಕೊನೆಗೆ, ನಾಳೆ ಸುಮ್ಮನೆ ಪರೀಕ್ಷೆಗಾದರೂ ಬನ್ನಿ ಎಂದು ಡಾಕ್ಟರು ಕೈಮುಗಿದಾಗ, ಅಷ್ಟಕ್ಕೆ ಒಪ್ಪಿದರು.

ಆ ದಿನ ಆಟಿ ಹದಿನೆಂಟು. ನಮ್ಮ ಕಡೆ ಅದು ಬರಿಯ ಒಂದು ದಿನ. ಅವರ ಕಡೆ ಹಾಗಲ್ಲ. ಮದ್ದುಸೊಪ್ಪು ಎಂಬ ಒಂದು ಗಿಡ ಬೇಲಿಯಲ್ಲಿ ಬೆಳೆಯುತ್ತದೆ. ಆಟಿ ತಿಂಗಳ ಹದಿನೆಂಟನೆಯ ದಿನ ಅದರೊಳಗೆ ಹದಿನೆಂಟು ಬಗೆಯ ಮದ್ದು ಬಂದು ಸೇರುತ್ತದಂತೆ. ಅದನ್ನು ಕುದಿಸಿದ ರಸದಲ್ಲಿ ಪಾಯಸ ಮಾಡಿ ಮನೆಯವರೆಲ್ಲ ತಿನ್ನಲೇಬೇಕು. ಬೆಳಿಗ್ಗೆಯಿಂದ ಬೀದಿಯ ತುಂಬ ಅದರ ಘಮ. ಮಾವ ಆ ಮಳೆಯಲ್ಲೂ ಊರಿನ ಬೇಲಿಯದೇ ಸೊಪ್ಪು ಆಗಬೇಕೆಂದು ಕಟ್ಟು ಹೊತ್ತು ಬಂದರು.

“ಹದಿನೆಂಟ್ ನಮೂನೆ ಮದ್ದ್ ಉಟ್ಟು ಇದ್ರಲಿ. ನಿನ್ನ ಡಾಕ್ಟ್ರುದು ಒಂದೇ ನಮೂನೆ,” ಎಂದರು ಅತ್ತೆ. ತೆಂಗಿನ ಹಾಲು ಹಾಕಲು ನಾನು ಬಿಡಲಿಲ್ಲ, ತುಪ್ಪಕ್ಕೂ ಬಿಡಲಿಲ್ಲ. ದೊಡ್ಡ ಜಗಳವೇ ಆಯಿತು. ಕೊನೆಗೆ ಅಕ್ಕಿ, ಬೆಲ್ಲ, ಸೊಪ್ಪಿನ ರಸ ಇಷ್ಟರಲ್ಲೇ ಮಾಡಿದೆ. ಕಡು ನೇರಳೆ ಬಣ್ಣದ ಪಾಯಸ. ಪಥ್ಯ ಕೆಡದಂತೆ ಹಬ್ಬ ಮಾಡಿದೆನೆಂದು ನನಗೆ ನನ್ನ ಮೇಲೇ ಮೆಚ್ಚುಗೆ. ಅತ್ತೆ ಎರಡು ತಟ್ಟೆ ತಿಂದರು. ನಾನು ಬೇಡವೆಂದಾಗ “ತಿನ್ನದವಳು ನಮ್ಮ ಮನೆಯವಳಲ್ಲ” ಎಂದರು. ನಾನೂ ಎರಡು ತಟ್ಟೆ ತಿಂದೆ.

ಇಷ್ಟೆಲ್ಲ ಹೇಳಿದವರು ಒಂದು ವಿಷಯವನ್ನು ಹೇಳಲೇ ಇಲ್ಲ. ಮರೆತದ್ದಲ್ಲ. ಹೊತ್ತು ಮೂಡುತ್ತದೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋದವಳು ಮೂತ್ರ ಕೆಂಪಗಿದ್ದದ್ದು ಕಂಡು ಗೋಡೆ ಹಿಡಿದೆ. ತಪ್ಪಾಗಿ ಕಂಡಿತೇನೋ ಎಂದುಕೊಂಡೆ. ಇಲ್ಲ, ಕೆಂಪೇ. ನನಗೆ ಕೂಡಲೇ ಎಲ್ಲ ತಿಳಿದುಹೋಯಿತು: ದಿನಾ ಆ ಬಾಟಲಿ ತೊಳೆದೆನಲ್ಲ, ಅತ್ತೆಯ ರೋಗ ನನಗೆ ಹತ್ತಿದೆ. ಯಾರಿಗೆ ಹೇಳುವುದು? ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಭಯ. ಮದುವೆಯಾಗಿ ವರ್ಷ ತುಂಬಿಲ್ಲ, ಸಾಯಲು ಹೊರಟೆ ಎಂದು ಒಳಗೊಳಗೇ ಅಳುತ್ತ, ಅತ್ತೆಗೆ ಜಡೆ ಹಾಕಿ, ಬಾಟಲಿ ಕಟ್ಟಿ, ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಅತ್ತೆಯ ಮೂತ್ರ ಪರೀಕ್ಷೆಗೆ ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು. ಅವರ ಮುಖ ಬೆಳಿಗ್ಗೆಯಿಂದಲೇ ಬಾಡಿತ್ತು, ಈಗ ಇನ್ನೂ ಬಾಡಿತ್ತು.

“ನೋಡಮ್ಮ, ಮೂತ್ರದಲ್ಲಿ ರಕ್ತ ಹೋಗ್ತಾ ಇದೆ,” ಎಂದು ನನಗೆ ಮೆಲ್ಲಗೆ ಹೇಳಿದರು. “ಈ ಸ್ಥಿತೀಲಿ ಆಪರೇಷನ್ ಆಗೋಲ್ಲ. ಮೈಸೂರಿಗೇ ಹೋಗ್ಬೇಕು. ನಾನೂ ಜೊತೇಲಿ ಬರ್ತೀನಿ.”

ರೋಗಿಯ ಜೊತೆ ತಾವೇ ಮೈಸೂರಿಗೆ ಬರುವ ಡಾಕ್ಟರು! ಆ ದುಃಖದಲ್ಲೂ ನನಗೆ ಅವರ ಮೇಲೆ ಭಕ್ತಿ ಬಂತು.

ಅತ್ತೆಯ ಕಿವಿ ಚುರುಕು. “ಎಂತ, ಆಪರೇಶನ್ ಇಲ್ಲೆನಾ?” ಎಂದು ಎದ್ದು ಕುಳಿತರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಉರಿ ಏನಾದರೂ ಇದೆಯೇ ತಾಯಿ ಎಂದು ಡಾಕ್ಟರು ಕೇಳಿದ್ದಕ್ಕೆ, ಅತ್ತೆ ಮುಖ ಸಪ್ಪಗೆ ಮಾಡಿ, “ತುಂಬಾ ಉರಿ ಡಾಕ್ಟ್ರೆ. ಸೊಂಟನೂ ನೋವು. ಈಗ ಕೊಯ್ಯೊದು ಬೇಡ. ಮೈಸೂರೂ ಬೇಡ. ಊರಿಗೆ ಹೋಗಿ ಮಳೆ ಬಿಟ್ಟ ಮೇಲೆ ನೋಡೋಣ,” ಎಂದು ಸೆರಗು ಬಿಗಿದು ಮಂಚದಿಂದ ಕಾಲು ಇಳಿಸಿದರು. ಅವರಿಗೆ ಎಲ್ಲವೂ ಗೊತ್ತಿತ್ತು. ಹುಟ್ಟಿದಾಗಿನಿಂದ ಪ್ರತಿ ಆಟಿಯಲ್ಲೂ ಕಂಡ ಬಣ್ಣ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕತ್ತಿಯಿಂದ ಪಾರು.

ನನಗೆ ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು ಗೋಳೋ ಎಂದು ಅಳತೊಡಗಿದೆ.

ಅತ್ತೆ ಬೈದರು. “ನೋವು ನಂಗೆ. ನೀ ಎಂತಕೆ ಅಳ್ದು?”

“ನಂಗೂ ಹಂಗೇ ಆಗೈತೆ ಅತ್ತೆ,” ಎಂದೆ. “ಬೆಳಿಗ್ಗೆಯಿಂದ ಕೆಂಪಗೆ ಹೋಗ್ತೈತೆ. ನಾನೂ ಬದುಕಾಕಿಲ್ಲ. ನೀವು ಊರಿಗೆ ಹೋದ್ರೆ ಇನ್ಮೇಲೆ ನಿಮ್ ಬಾಟ್ಲಿ ಯಾರು ತೊಳೀತಾರೆ?”

ತಲೆ ಎತ್ತಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಬಾಗಿಲ ಕಡೆ ಒಮ್ಮೆ ನೋಡಿದರು. ಹಾದಿ ತೆರೆದೇ ಇತ್ತು. ಮತ್ತೆ ನನ್ನ ಕಡೆ ನೋಡಿದರು. ಆಮೇಲೆ ಇಳಿಸಿದ್ದ ಕಾಲನ್ನು ಎತ್ತಿ ಮಂಚದ ಮೇಲೆ ಇಟ್ಟುಕೊಂಡರು.

“ಅಳ್ಬೇಡ ಗೂಡೆ,” ಎಂದರು. “ನಿಂಗೆ ಎಂತದೂ ಆತ್ಲೆ. ಅದ್ ರಕ್ತ ಅಲ್ಲ. ಮದ್ದ್ ಸೊಪ್ಪುನ ಬಣ್ಣ. ಪಾಯಸ ತಿಂದವ್ಕೆ ಎಲ್ಲವ್ಕೂ ಹಂಗೇ.” ಡಾಕ್ಟರ ಕಡೆ ತಿರುಗಿ, ದನಿ ತಗ್ಗಿಸಿ, “ನಂಗೂ ಅದೇ ಡಾಕ್ಟ್ರೆ. ಉರಿ ಗಿರಿ ಎಂತದೂ ಇಲ್ಲೆ,” ಎಂದರು.

ಡಾಕ್ಟರು ಪಕ್ಕದ ಖಾಲಿ ಮಂಚದ ಮೇಲೆ ನಿಧಾನಕ್ಕೆ ಕುಳಿತರು. ಮಫ್ಲರು ಬಿಚ್ಚಿದರು. “ಆ ಪಾಯಸ... ನೇರಳೆ ಬಣ್ಣ ಇರುತ್ತಾ ತಾಯಿ?” ಎಂದರು.

“ಹೌದು.”

“ನಮ್ಮ ಮನೆ ಓನರು ನಿನ್ನೆ ಒಂದು ಪಾತ್ರೆ ತುಂಬ ಕೊಟ್ಟಿದ್ರು.” ಮೈಸೂರಿಗೆ ಜೊತೆಗೆ ಬರುತ್ತೇನೆಂದದ್ದು ಯಾರ ಸಲುವಾಗಿ ಎಂದು ಆಗ ತಿಳಿಯಿತು. ಅವರ ಪೆಟ್ಟಿಗೆ ಆಗಲೇ ಕಟ್ಟಿ ಮನೆಯ ಬಾಗಿಲಲ್ಲಿತ್ತಂತೆ.

ಅತ್ತೆ ಬಾಟಲಿ ಹಿಡಿದುಕೊಂಡು ನಕ್ಕರು. ನಕ್ಕೂ ನಕ್ಕೂ ಪಕ್ಕೆ ನೋಯಿತು. ಡಾಕ್ಟರೂ ನಕ್ಕರು. ಮತ್ತೊಮ್ಮೆ ಮೂತ್ರ ತಂದು, ಈ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿ, ರಕ್ತದ ಕಣ ಒಂದೂ ಇಲ್ಲವೆಂದು ಹೇಳಿದರು. ತಮ್ಮದನ್ನೂ ನೋಡಿಕೊಂಡಿರಬೇಕು, ಬಂದಾಗ ಮುಖ ಗೆಲುವಾಗಿತ್ತು. ಹಾಗಾದರೆ ಆಪರೇಷನ್ ವಿಷಯ, ಎಂದು ಅವರು ಅಳುಕುತ್ತ ಶುರುಮಾಡುವಷ್ಟರಲ್ಲಿ ಅತ್ತೆಯೇ ಹೇಳಿದರು:

“ನಾಳೆಗೇ ಕೊಯ್ದ್ ಬಿಡಿ ಡಾಕ್ಟ್ರೆ. ಈ ಗೂಡೆಗೆ ಎಂತದೂ ಗೊತ್ತಿಲೆ. ನಾ ಸತ್ತರೆ ಇವ್ಳಿಗೆ ಹೇಳಿಕೊಡಿಕೆ ಜನ ಇಲ್ಲೆ.”

ನಾಳೆಗೆ ಆಗಲಿಲ್ಲ, ಅದರ ಮರುದಿನ ಆಯಿತು. ಅಷ್ಟೂ ಹೊತ್ತು ಅತ್ತೆ ನನಗೆ ಪಾಠ ಹೇಳಿದರು. ಉಳಿಯುತ್ತೇನೋ ಇಲ್ಲವೋ ಎಂಬ ಭಯ ಅವರಿಗಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಪಾಠ ಮಾತ್ರ ಹೇಳಿದರು. ಯಾವ ಹಸು ಹಾಲು ಕರೆಯುವಾಗ ಒದೆಯುತ್ತದೆ, ಕಣಿಲೆ ಎಂಬ ಎಳೆ ಬಿದಿರು ನೆನೆಹಾಕಿದ ನೀರನ್ನು ಯಾಕೆ ದಿನಾ ಚೆಲ್ಲಬೇಕು, ಮಾವ ಸಿಟ್ಟಾದರೆ ಯಾಕೆ ಗೊತ್ತಾಗುವುದಿಲ್ಲ. ಆಪರೇಷನ್ ಕೋಣೆಯ ಬಾಗಿಲಲ್ಲೂ ನನ್ನ ಕೈ ಬಿಡಲಿಲ್ಲ. ನಿದ್ರೆ ಬರುವವರೆಗೆ ಇರಲಿ ಎಂದು ಡಾಕ್ಟರು ನನ್ನನ್ನೂ ಒಳಗೆ ಬಿಟ್ಟರು. ಮೂಗಿನ ಮೇಲೆ ಬಟ್ಟೆಯ ಮುಚ್ಚಿಗೆ ಇಟ್ಟು ಈಥರ್ ಹನಿಸುವಾಗಲೂ ಪಾಠ ನಡೆದೇ ಇತ್ತು. “ಕೆಸ ಬೇಯ್ಸುವಾಗ ಮರೀಬೇಡ ಗೂಡೆ. ಸೊಪ್ಪು ಬೆಂದ ಮೇಲೆ ಅದ್ಕೆ...” ಎನ್ನುವಷ್ಟರಲ್ಲಿ ಕೈ ಸಡಿಲವಾಯಿತು. ನನ್ನನ್ನು ಹೊರಗೆ ಕಳಿಸಿದರು.

ಹೊರಗೆ ಬೆಂಚಿನ ಮೇಲೆ ಮಾವ, ನನ್ನ ಗಂಡ, ನಾನು. ಮಾವ ಒದ್ದೆ ಕೊಡೆಯನ್ನು ಬಿಚ್ಚುತ್ತಿದ್ದರು, ಮಡಚುತ್ತಿದ್ದರು. ಆ ಹೊತ್ತಿನಲ್ಲಿ ನಾನು ಬೇಡದ ದೇವರಿಲ್ಲ. ತಲಕಾವೇರಿಯಿಂದ ಹಿಡಿದು ನಮ್ಮೂರ ಮಾರಿಯವರೆಗೆ ಎಲ್ಲರಿಗೂ ಹರಕೆ ಹೊತ್ತೆ. ಕೊನೆಗೆ ಡಾಕ್ಟರು ಹೊರಬಂದು, ಚೀಲ ಬಂತು, ಕಲ್ಲೂ ಬಂತು, ಇನ್ನು ಎಚ್ಚರವಾಗಬೇಕು ಎಂದರು.

ಮಧ್ಯಾಹ್ನ ದಾಟಿತು. ನಾನು ಮಂಚದ ಬಳಿ ಕುಳಿತೇ ಇದ್ದೆ. ಅತ್ತೆಯ ಮುಖ ಬಿಳಚಿಕೊಂಡಿತ್ತು. ಅಷ್ಟು ದೊಡ್ಡ ಹೆಂಗಸು ಅಷ್ಟು ಸಣ್ಣಗೆ ಕಂಡದ್ದು ನನಗೆ ಸಹಿಸಲಾಗಲಿಲ್ಲ. ಬಹಳ ಹೊತ್ತಿನ ಮೇಲೆ ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ.

“...ಹುಳಿ ಹಾಕೊಕು,” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. “ಇಲ್ಲದಿದ್ರೆ ಗಂಟಲ್ ತುರ್ಸಿದೆ.”

ಕೆಸಕ್ಕೆ ಹುಳಿ ಹಾಕಬೇಕೆಂದು ನನಗೆ ಗೊತ್ತಿತ್ತು. ಕೆಸ ನಮ್ಮ ಕಡೆಯೂ ಬೆಳೆಯುತ್ತದೆ, ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು. ನಾನು ಕಣ್ಣೊರೆಸಿಕೊಂಡು, “ಎಷ್ಟು ಹುಳಿ ಹಾಕ್ಬೇಕು ಅತ್ತೆ?” ಎಂದು ಕೇಳಿದೆ.

“ಅಷ್ಟೂ ಗೊತ್ತಿಲೆನಾ ನಿಂಗೆ?” ಎಂದು ಅತ್ತೆ ಕಣ್ಣು ಬಿಟ್ಟರು.